ರಂಗಗೃಹದ ಜೀರ್ಣೋದ್ಧಾರ: ಗುಂಡ್ಲುಪೇಟೆ ಚಾಮರಾಜನಗರಗಳ ನಾಟಕಪರಂಪರೆಯ ದೃಷ್ಟಿಯಿಂದ

ಮೈಸೂರು ಸೀಮೆಯ ನಾಟಕಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೇ ಪ್ರಾರಂಭಿಸುತ್ತಾರೆ. ಸಾಂಗಲಿಯ ನಾಟಕಮಂಡಳಿಯವರೂ ಮುಂಬಯಿಯ ಪಾರಸಿಗಳೂ ಮೈಸೂರಿಗೆ ಬಂದು ಆಡಿದುದು, ಅದನ್ನು ಕಂಡು ಅರಮನೆಯಲ್ಲಿ ನಾಟಕಸಭೆಯೊಂದು ಏರ್ಪಟ್ಟುದು, ಆ ಸಭೆಗಾಗಿ ಪಂಡಿತರು ಸಂಸ್ಕೃತ ರೂಪಕಗಳನ್ನು ಕನ್ನಡಿಸಿದುದು, ಅನಂತರ ವಿಲಾಯತಿ ಮಾದರಿಯ ಭವನಗಳು ಎದ್ದುದು, ಇಷ್ಟೇ ಆ ಚರಿತ್ರೆಯ ಸಾರವೆಂದು ಅವರ ಅಭಿಪ್ರಾಯ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅರ್ಧವೇ ಇದೆ. ಕಟ್ಟಡದ ವಯಸ್ಸನ್ನೇ ನಾಟಕದ ವಯಸ್ಸೆಂದು ಎಣಿಸಿದ ದೋಷ ಇಲ್ಲಿದೆ. ಹಳೆಯ ರಂಗಭವನಗಳ ಜೀರ್ಣೋದ್ಧಾರದ ಮಾತು ಬಂದಾಗಲೆಲ್ಲ ಈ ದೋಷವೇ ಬೇರೊಂದು ವೇಷದಲ್ಲಿ ತಲೆದೋರುವುದರಿಂದ, ನಾಟಕ ಎಲ್ಲಿಂದ ಬಂದಿತು, ಮನೆ ಎಲ್ಲಿಂದ ಬಂದಿತು ಎಂಬ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸುವುದು ಅವಶ್ಯಕ. ಹಾಗೆ ವಿಚಾರಿಸಹೊರಟರೆ ಮೊದಲು ಮೈಸೂರನ್ನು ಬಿಟ್ಟು ದಕ್ಷಿಣಕ್ಕೆ, ಗುಂಡ್ಲುಪೇಟೆಯ ಕಡೆಗೆ ನಡೆಯಬೇಕಾಗುತ್ತದೆ.

ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಹೋಗುವ ದಾರಿಯಲ್ಲಿ, ಹಿಮವದ್ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಎಡೆಯಲ್ಲಿ, ಹಂಗಳವೆಂಬ ಗ್ರಾಮವುಂಟು. ಮುಂದೆ 1673ರಲ್ಲಿ ಮೈಸೂರಿನ ಸಿಂಹಾಸನವನ್ನೇರಿದ ಚಿಕ್ಕದೇವರಾಜ ಒಡೆಯನು ಅದಕ್ಕೆ ಮುಂಚಿನ ಕೆಲವು ಕಾಲವನ್ನು ಕುಟುಂಬಸಹಿತನಾಗಿ ಈ ಹಂಗಳದಲ್ಲಿ ನಿರ್ಬಂಧದಲ್ಲಿ ಕಳೆದನೆಂದು ರೈಸ್ ಮಹಾಶಯರು ತಮ್ಮ ಗ್ಯಾಸೆಟಿಯರಿನಲ್ಲಿ ಬರೆದಿದ್ದಾರೆ. ಅವನ ತಂದೆ ದೊಡ್ಡದೇವರಾಜನು ತೀರಿಕೊಂಡುದು ಗುಂಡ್ಲುಪೇಟೆಯಲ್ಲಿ. ಆಗ ಆ ಊರಿಗೆ ವಿಜಯಪುರವೆಂಬ ಹೆಸರಿದ್ದಿತು. ಮಗನು ಪಟ್ಟಕ್ಕೆ ಬಂದ ಮೇಲೆ ತಂದೆಯ ಸದ್ಗತಿಗೋಸ್ಕರ ಅಲ್ಲಿ ಪರವಾಸುದೇವನ ದೇವಾಲಯವನ್ನು ಕಟ್ಟಿಸಿ ಅಗ್ರಹಾರವನ್ನೂ ಮಾಡಿಸಿದನು. ರಾಜ್ಯವಿಲ್ಲದ ರಾಜಕುಮಾರನಿಗೆ ಆ ದಿನಗಳಲ್ಲಿ ಒಡನಾಡಿಗಳಾಗಿದ್ದವರು ಸಾಮಾನ್ಯರಲ್ಲ. ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತನು ಆ ಕಷ್ಟಕಾಲದಲ್ಲಿ ಜೊತೆಗಿದ್ದು, ಅನಂತರ ಮಂತ್ರಿಯಾದನು. ಪುರಾಣಪ್ರವಚನದ ಮನೆತನದ ಅಳಸಿಂಗರಾರ್ಯನ ಮಗ ತಿರುಮಲಾರ್ಯನು ಬಾಲ್ಯದ ಸಹಪಾಠಿ. ವಿಶಾಲಾಕ್ಷನ ತರುವಾಯ ಅವನೇ ಪ್ರಧಾನಿ. ಚಿಕ್ಕದೇವರಾಜನ ಆಸ್ಥಾನದ ವಾಙ್ಮಯವೆಂದು ಇಂದು ವಿದ್ಯಾರ್ಥಿಗಳು ಓದುವುದೆಲ್ಲವೂ ಶ್ರೀರಂಗಪಟ್ಟಣದಲ್ಲಿ ಫಲಿಸಿತೆಂಬುದು ನಿಜವೇ. ಆದರೆ ಆ ಫಲಕ್ಕೆ ಕಾರಣವಾದ ಸ್ನೇಹಗಳು ಬೇರೂರಿದುದು ಕೋಟೆಯ ಒಳಗಲ್ಲ, ಗುಂಡ್ಲುಹೊಳೆಯ ಸೀಮೆಯಲ್ಲಿ.

ತಿರುಮಲಾರ್ಯನ ತಮ್ಮನೇ ಸಿಂಗರಾರ್ಯ. ಇಂದು ದೊರೆಯುವ ಕನ್ನಡ ನಾಟಕಗಳಲ್ಲಿ ಮೊದಲನೆಯದೆಂದು ಪ್ರಸಿದ್ಧವಾದ ಮಿತ್ರವಿಂದಾ ಗೋವಿಂದವು ಈತನ ಕೃತಿ. ಸಾವಿರ ವರ್ಷಗಳ ಕಾವ್ಯಸಂಪತ್ತುಳ್ಳ ಭಾಷೆಯಲ್ಲಿ, ಚಂಪುವೂ ಷಟ್ಪದಿಯೂ ಸಾಂಗತ್ಯವೂ ವಚನವೂ ತುಂಬಿದ ಭಾಷೆಯಲ್ಲಿ, ಹದಿನೇಳನೆಯ ಶತಮಾನದ ಕೊನೆಯವರೆಗೆ ನಾಟಕಗ್ರಂಥವೊಂದು ಉಳಿದು ಬಾರದಿದ್ದುದು ಆಶ್ಚರ್ಯವೇ ಸರಿ. ಉಳಿದು ಬಂದ ಮೊದಲನೆಯದೂ ಸ್ವತಂತ್ರವಲ್ಲ. ಶ್ರೀಹರ್ಷನ ರತ್ನಾವಳೀ ನಾಟಿಕೆಯ ರೂಪಾಂತರ. ವತ್ಸರಾಜನ ಸ್ಥಾನದಲ್ಲಿ ಶ್ರೀಕೃಷ್ಣನೂ, ಸಾಗರಿಕೆಯೆಂಬ ಹೆಸರಿನಿಂದ ಅಂತಃಪುರದಲ್ಲಿ ಅಡಗಿದ್ದ ಸಿಂಹಳ ರಾಜಪುತ್ರಿಯ ಸ್ಥಾನದಲ್ಲಿ ಅಷ್ಟಮಹಿಷಿಯರಲ್ಲೊಬ್ಬಳಾದ ಮಿತ್ರವಿಂದೆಯೂ ಬಂದಿದ್ದಾರೆ. ಇದನ್ನು ಕೇವಲ ವೈಷ್ಣವಭಕ್ತಿಯ ಫಲವೆಂದು ಹೇಳಿಬಿಡುವುದು ವಾಡಿಕೆ. ಆದರೆ ಮೈಸೂರು ಅರಸರು ತಮ್ಮನ್ನು ಯದುವಂಶದವರೆಂದು ಹೇಳಿಕೊಳ್ಳುತ್ತಿದ್ದುದನ್ನೂ, ಅಣ್ಣನಾದ ತಿರುಮಲಾರ್ಯನೇ ಚಿಕ್ಕದೇವರಾಜನ ವಂಶಾವಳಿಯನ್ನು ಬರೆದುದನ್ನೂ ನೆನೆದರೆ, ತಮ್ಮನು ಕೌಶಾಂಬಿಯ ಅರಸನನ್ನು ಬಿಟ್ಟು ದ್ವಾರಕೆಯ ಅರಸನನ್ನು ಹಿಡಿದುದರಲ್ಲಿ ಆಶ್ರಯದಾತನಿಗೆ ಸಲ್ಲಿಸಿದ ಮರ್ಯಾದೆಯೂ ಸೇರಿದೆಯೆಂದು ಊಹಿಸಬಹುದು.

ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೆ. ನಾಟಕವು ಹುಟ್ಟಿತು, ಅದಕ್ಕೆ ಮನೆಯಿರಲಿಲ್ಲ. ರತ್ನಾವಳಿಯಂತಹ ರೂಪಕಕ್ಕೆ ಎಂತಹ ಮನೆ ಬೇಕೆಂಬುದನ್ನು ಭರತಮುನಿ ತನ್ನ ಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿಯೇ ವಿಧಿಸಿದ್ದಾನೆ. ವಿಕೃಷ್ಟ, ಚತುರಸ್ರ, ತ್ರ್ಯಸ್ರವೆಂದು ಆಕಾರದಿಂದ ಮೂರು ಬಗೆ. ಜ್ಯೇಷ್ಠ, ಮಧ್ಯಮ, ಅವರವೆಂದು ಪ್ರಮಾಣದಿಂದ ಮೂರು ಬಗೆ. ಮನುಷ್ಯರಿಗೆ ತಕ್ಕುದು 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮವೇ. ಹಸ್ತವನ್ನು ಒಂದೂವರೆ ಅಡಿಯೆಂದು ತೆಗೆದುಕೊಂಡರೆ 96 ಅಡಿ ಉದ್ದ, 48 ಅಡಿ ಅಗಲ. ಇದರಲ್ಲಿ ಮುಂದಿನ ಅರ್ಧ ಸಾಮಾಜಿಕರಿಗೆ. ಹಿಂದಿನ ಅರ್ಧವನ್ನು ಮತ್ತೆ ಎರಡು ಮಾಡಿ ರಂಗಕ್ಕೂ ನೇಪಥ್ಯಕ್ಕೂ ಹಂಚಬೇಕು. ಇದಕ್ಕಿಂತ ದೊಡ್ಡದೇಕೆ ಕೂಡದೆಂಬುದಕ್ಕೆ ಮುನಿಯು ಕೊಡುವ ಕಾರಣ ಶಿಲ್ಪಕ್ಕೆ ಸಂಬಂಧಿಸಿದುದಲ್ಲ, ಕಿವಿಕಣ್ಣುಗಳಿಗೆ ಸಂಬಂಧಿಸಿದುದು: ವಿಸ್ತಾರ ಹೆಚ್ಚಾದರೆ ನಟನ ಪಾಠ್ಯವು ಸ್ವರಗೆಡುವುದು, ಮುಖದಲ್ಲಿ ಮೂಡುವ ಭಾವವು ಹಿಂದೆ ಕುಳಿತವನಿಗೆ ಕಾಣಿಸದು. ಆದುದರಿಂದಲೇ ನಾಟ್ಯಮಂಡಪವು ಬೆಟ್ಟದ ಗುಹೆಯಂತೆ ಇರಬೇಕು, ಗವಾಕ್ಷಗಳು ಸಣ್ಣವಾಗಿರಬೇಕು, ಗಾಳಿ ನುಗ್ಗಬಾರದು, ಶಬ್ದವು ಗಂಭೀರವಾಗಿ ನಿಲ್ಲಬೇಕು ಎಂದು ಅವನ ಅಪ್ಪಣೆ. ಅಳತೆಯೆಲ್ಲವೂ ಧ್ವನಿಯಿಂದ ಹುಟ್ಟಿದ ಅಳತೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು. ಲೇಖನದ ಕೊನೆಯಲ್ಲಿ ಇದಕ್ಕೆ ಪುನಃ ಬರಬೇಕಾಗಿದೆ.

ಈ ಗುಹೆಯಂತಹ ಮನೆಯಲ್ಲಿ ರತ್ನಾವಳಿಯನ್ನು ಆಡುವುದು ಹೇಗೆ? ನಾಟಿಕೆಯಲ್ಲಿ ಕಣ್ಣಿಗೆ ಹಬ್ಬವಾಗುವ ಸನ್ನಿವೇಶಗಳು ಒಂದೆರಡಲ್ಲ. ಮೊದಲನೆಯ ಅಂಕದಲ್ಲಿ ಪುರವೆಲ್ಲ ಪಿಷ್ಟಾತಕದಿಂದ ಕೆಂಪಾಗುವ ಮದನೋತ್ಸವ. ಎರಡನೆಯದರಲ್ಲಿ ಕದಲೀಗೃಹ, ಲಾಯದಿಂದ ತಪ್ಪಿಸಿಕೊಂಡು ಬಂದ ಕಪಿ, ಸಖಿಯರ ಗುಟ್ಟುಗಳನ್ನು ಹಾಗೆಯೇ ನುಡಿಯುವ ಸಾರಿಕೆ, ಮರೆತುಹೋದ ಚಿತ್ರಫಲಕ. ನಾಲ್ಕನೆಯದರಲ್ಲಿ ಐಂದ್ರಜಾಲಿಕನ ಮಾಯೆಯಿಂದ ಅಂತಃಪುರಕ್ಕೆ ಹತ್ತಿಕೊಳ್ಳುವ ಬೆಂಕಿ. ಭರತನ ರಂಗದಲ್ಲಿ ಇವುಗಳಲ್ಲಿ ಒಂದಕ್ಕಾದರೂ ಬರೆದ ಪರದೆ ಬೇಕಾಗಿಲ್ಲ. ನಟನು ಕಕ್ಷ್ಯಾವಿಭಾಗದಿಂದ ಎರಡು ಹೆಜ್ಜೆ ನಡೆದರೆ ಅರಮನೆಯು ಉದ್ಯಾನವಾಗುತ್ತದೆ. ವಾಕ್ಯವೇ ಬಾಳೆಯ ತೋಟವನ್ನು ನೆಡುತ್ತದೆ, ವಾಕ್ಯವೇ ಬೆಂಕಿಯನ್ನು ಹಚ್ಚುತ್ತದೆ. ಹೀಗಿರಲಾಗಿ ಆ ಮನೆಯಲ್ಲಿ ವಾಕ್ಯವು ಕೊನೆಯ ಸಾಲಿನವರೆಗೆ ಕೇಳಿಸದಿದ್ದರೆ ಸರ್ವವೂ ನಷ್ಟವಾದಂತೆಯೇ.

ಸಿಂಗರಾರ್ಯನಿಂದ ಮುಂದಕ್ಕೆ ಸುಮಾರು ಎರಡು ಶತಮಾನಗಳ ಕಾಲ ಈ ಸೀಮೆಯಲ್ಲಿ ಆಟವು ನಿಂತಿರಲಿಲ್ಲ, ಮನೆ ಮಾತ್ರ ಇರಲಿಲ್ಲ. ಬಯಲಿನಲ್ಲಿ ಯಕ್ಷಗಾನವೂ ಮೂಡಲಪಾಯವೂ ನಡೆದುವು. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯವರೂ ರಾತ್ರಿಯೆಲ್ಲ ಹಾಡಿದರು. ಈ ಹಾಡುಗಬ್ಬಗಳನ್ನು ನಾಟಕವೆಂದು ಕರೆಯಲು ಲಾಕ್ಷಣಿಕರು ಒಪ್ಪಲಾರರು. ಆದರೂ ಒಬ್ಬನೇ ಗಾಯಕನು ಪಾತ್ರಗಳ ಸಂವಾದವನ್ನೆಲ್ಲ ತಾನೇ ಹೊತ್ತು, ದೀಪದ ಬೆಳಕಿನಲ್ಲಿ, ಯಾವ ಗೋಡೆಯ ನೆರವೂ ಇಲ್ಲದೆ ಊರನ್ನು ಎಚ್ಚರವಾಗಿಟ್ಟ ಶಕ್ತಿಯನ್ನು ಕಂಡವರು ಆ ಲಾಕ್ಷಣಿಕರೊಡನೆ ಜಗಳವಾಡುವುದಕ್ಕೆ ಹೋಗಲಾರರು, ನಕ್ಕು ಸುಮ್ಮನಾಗುವರು.

ಚಾಮರಾಜನಗರದ ಸಂಗತಿಯನ್ನು ಇಲ್ಲಿ ಹೇಳಬೇಕು. ಹಿಂದೆ ಅರಿಕುಠಾರವೆನಿಸಿದ್ದ ಈ ಊರಿನಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು 1117ರಲ್ಲಿ ಬಸದಿಯನ್ನು ಕಟ್ಟಿಸಿದನು. 1774ರಲ್ಲಿ ಇಲ್ಲಿ ಹುಟ್ಟಿದ ಚಾಮರಾಜ ಒಡೆಯರ ನೆನಪಿಗಾಗಿ, ಅವರ ಪುತ್ರ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈಗಿನ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೊಡ್ಡ ದೇವಾಲಯವನ್ನು ಕಟ್ಟಿಸಿದರು. ತಂದೆಯು ಹುಟ್ಟಿದ ಸ್ಥಳದಲ್ಲಿ ಜನನಮಂಟಪವನ್ನೂ ನಿಲ್ಲಿಸಿದರು. ಗುಂಡ್ಲುಪೇಟೆಯಲ್ಲಿ ಮಗನು ತಂದೆಯ ಮರಣಕ್ಕೆ ದೇವಾಲಯ ಕಟ್ಟಿದನು, ಚಾಮರಾಜನಗರದಲ್ಲಿ ಮಗನು ತಂದೆಯ ಜನನಕ್ಕೆ ಮಂಟಪ ಕಟ್ಟಿದನು. ಇದೇ ಮುಮ್ಮಡಿಯವರ ಆಸ್ಥಾನದಲ್ಲಿ ಅಳಿಯ ಲಿಂಗರಾಜನು ಯಕ್ಷಗಾನಗಳನ್ನು ಸಾಲುಸಾಲಾಗಿ ಬರೆದನು. ದೇವರಿಗೆ ಮನೆ, ಅರಸನ ಹುಟ್ಟಿಗೆ ಮನೆ, ಎಲ್ಲಕ್ಕೂ ಮನೆಗಳಾದುವು. ಆಟಕ್ಕೆ ಮಾತ್ರ ದೇವಾಲಯದ ಮುಂದಿನ ಬಯಲೇ ಗತಿಯಾಗಿದ್ದಿತು.

ಮುಮ್ಮಡಿಯವರು 1865ರಲ್ಲಿ ದತ್ತು ತೆಗೆದುಕೊಂಡ ಬಾಲಕನಿಗೂ ಚಾಮರಾಜನೆಂದೇ ಹೆಸರು. 1881ರಲ್ಲಿ ಬ್ರಿಟಿಷರಿಂದ ರಾಜ್ಯವು ಹಿಂದಿರುಗಿದಾಗ ಅಧಿಕಾರಕ್ಕೆ ಬಂದ ಚಾಮರಾಜೇಂದ್ರ ಒಡೆಯರು ಈತನೇ. ಈ ಮಹಾರಾಜರ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯು ಏರ್ಪಟ್ಟಿತು. ಉತ್ತರದಲ್ಲಿ ಚುರಮುರಿ ಶೇಷಗಿರಿರಾಯರು 1870ರ ಹೊತ್ತಿಗಾಗಲೇ ಶಾಕುಂತಲವನ್ನು ಕನ್ನಡಿಸಿದ್ದರು. ಮೈಸೂರಿನಲ್ಲಿ ಆ ಕೆಲಸ ಬಸವಪ್ಪಶಾಸ್ತ್ರಿಗಳ ಪಾಲಿಗೆ ಬಂದಿತು. ಅಭಿನವ ಕಾಳಿದಾಸರೆನಿಸಿದ ಆ ಮಹನೀಯರು (1843–1891) ಶಾಕುಂತಲ, ವಿಕ್ರಮೋರ್ವಶೀಯ, ಉತ್ತರರಾಮಚರಿತ್ರೆ, ಮಾಲತೀಮಾಧವ, ಚಂಡಕೌಶಿಕಗಳನ್ನೂ, ಷೇಕ್ಸ್‌ಪಿಯರನ ಒಥೆಲೋ ಕಥೆಯಿಂದ ಶೂರಸೇನ ಚರಿತ್ರೆಯನ್ನೂ ಕನ್ನಡಕ್ಕೆ ತಂದರು. ಇವುಗಳ ಜೊತೆಗೆ ರತ್ನಾವಳಿಯೂ ಬಂದಿತು. ಸಿಂಗರಾರ್ಯನ ಎರಡು ಶತಮಾನಗಳ ತರುವಾಯ ಶ್ರೀಹರ್ಷನ ಅದೇ ನಾಟಿಕೆಯು ಅದೇ ರಾಜವಂಶದ ಆಶ್ರಯದಲ್ಲಿ ಎರಡನೆಯ ಸಲ ಕನ್ನಡವಾಯಿತು. ಮುಂದೆ ಎ. ವಿ. ವರದಾಚಾರ್ಯರು (1869–1926) ಕಟ್ಟಿದ ಮಂಡಳಿಗಾದರೋ ರತ್ನಾವಳಿಯೆಂದೇ ಹೆಸರು. ಮೈಸೂರಿನ ನಾಟಕಕಲೆ ಪಾರಸಿಗಳ ಪರದೆಯಿಂದ ಹುಟ್ಟಿತೆನ್ನುವವರು ಈ ಸೂತ್ರವನ್ನು ಕಾಣದೆ ಹೋದರೆಂದು ಹೇಳಬೇಕಾಗಿದೆ. ಪರದೆ ಹೊರಗಿನದು, ಪರದೆಯ ಮುಂದೆ ಆಡಿದುದು ಮನೆಯ ಹಳೆಯ ಸೊತ್ತು.

ಇನ್ನು ಮನೆಯ ಕಥೆ. ದಿವಾನ್ ಸಿ. ವಿ. ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ತೀರಿಕೊಂಡರು. ಪ್ರಜಾಪ್ರತಿನಿಧಿಸಭೆಯನ್ನು 1881ರಲ್ಲಿ ಪ್ರಾರಂಭಿಸಿದ ಆ ದಕ್ಷ ಆಡಳಿತಗಾರರ ಸ್ಮಾರಕವಾಗಿ ಮೈಸೂರಿನಲ್ಲಿ ಒಂದು ಭವನವನ್ನು ಕಟ್ಟಬೇಕೆಂದು ನಿಶ್ಚಯವಾಗಿ, 1884ರ ಏಪ್ರಿಲ್ 1ರಂದು ಚಾಮರಾಜೇಂದ್ರ ಒಡೆಯರೇ ಅದರ ಅಸ್ತಿಭಾರವನ್ನು ಹಾಕಿದರು. ಇಂದು ಪುರಭವನವೆಂದು ಹೆಸರಾಗಿ, ದೊಡ್ಡ ಗಡಿಯಾರದ ಸಮೀಪದಲ್ಲಿ ನಿಂತಿರುವ ರಂಗಾಚಾರ್ಲು ಸ್ಮಾರಕ ಭವನವೇ ಇದು. ಗ್ರೀಕ್ ಮಾದರಿಯ ಕಂಬಗಳ ಮುಂಭಾಗವುಳ್ಳ, ವಿಕ್ಟೋರಿಯಾ ರಾಣಿಯ ಕಾಲದ ರುಚಿಗೆ ತಕ್ಕ ಎರಡು ಅಂತಸ್ತಿನ ಕಟ್ಟಡ. ಲೆಕ್ಕಪತ್ರಗಳಲ್ಲಿ ಮುಳುಗಿದ್ದ ದಿವಾನರ ಹೆಸರಿನಲ್ಲಿ ಎದ್ದ ಮನೆಯೊಳಗೆ ನಾಟಕ ಸಂಗೀತಗಳು ನಡೆಯತೊಡಗಿದುದು ವಿನೋದವಾಗಿದೆ. ಕಾವೇರಿಯ ದ್ವೀಪದಲ್ಲಿ ಪವಡಿಸಿದ ದೇವರ ನೆಲೆಗೂ ನಟನು ಹೆಜ್ಜೆಯಿಡುವ ನೆಲಕ್ಕೂ ರಂಗವೆಂಬ ಒಂದೇ ಶಬ್ದ ಸಲ್ಲುವುದರಿಂದ, ಶ್ಲೇಷಪ್ರಿಯರಾದ ಪಂಡಿತರಿಗೆ ಈ ಹೆಸರಿನಲ್ಲಿ ಏನೂ ಕೊರತೆ ಕಾಣಿಸಿರಲಾರದು.

ಭವನವು ಎದ್ದಾಗ ಮೈಸೂರಿನಲ್ಲಿ ವಿದ್ಯುದ್ದೀಪವಿರಲಿಲ್ಲ. ಅದು ಬಂದುದು 1908ರಲ್ಲಿ. ಧ್ವನಿವರ್ಧಕವಂತೂ ಇನ್ನೂ ಎಷ್ಟೋ ದೂರ. ಆದುದರಿಂದ ಆ ಕಾಲದ ಶಿಲ್ಪಿಗಳು ಗ್ರೀಕರ ಕಂಬಗಳನ್ನು ಎತ್ತಿಕೊಂಡು ಬಂದಿದ್ದರೂ, ಒಳಗಿನ ಅಳತೆಯ ವಿಷಯದಲ್ಲಿ ತಮಗೆ ತಿಳಿಯದೆಯೇ ಭರತನ ಶಿಷ್ಯರಾಗಬೇಕಾಯಿತು: ಕಂಠವು ಎಲ್ಲಿಯವರೆಗೆ ಮುಟ್ಟುವುದೋ ಅಲ್ಲಿಗೆ ಮನೆಯ ಕೊನೆ. ವರದಾಚಾರ್ಯರ ಕಾಲದ ನಟರು ಕಂದವೃತ್ತಗಳನ್ನು ರಾಗವಾಗಿ ಹಾಡಿ ಪ್ರತಿಯೊಂದು ಅಕ್ಷರವನ್ನೂ ಮಾಳಿಗೆಯ ಮೇಲಿನವನಿಗೆ ಮುಟ್ಟಿಸುತ್ತಿದ್ದುದು ಕಂಠಬಲದಿಂದ ಮಾತ್ರವಲ್ಲ. ಮರದ ರಂಗವೂ ಎತ್ತರದ ಸೂರೂ ಗಾರೆಯ ಗೋಡೆಯೂ ಅವರೊಡನೆ ಹಾಡುತ್ತಿದ್ದುವು.

ಆದರೆ ಒಂದು ಮುಖ್ಯ ಭೇದವನ್ನು ಮರೆಯಕೂಡದು. ವಿಕ್ಟೋರಿಯಾ ಕಾಲದ ರಂಗವು ಚೌಕಟ್ಟಿನ ರಂಗ. ಪ್ರೇಕ್ಷಕನು ಗೋಡೆಯಲ್ಲಿ ಕೊರೆದ ಕಿಟಕಿಯೊಂದರ ಮೂಲಕ ಬರೆದ ಪರದೆಗಳ ಲೋಕವನ್ನು ನೋಡುವಂತೆ ಅದರ ರಚನೆ. ಅಲ್ಲಿ ರತ್ನಾವಳಿಯ ಕದಲೀಗೃಹವು ವಾಕ್ಯದಲ್ಲಿ ಬೆಳೆಯುವುದಿಲ್ಲ, ಬಣ್ಣದಲ್ಲಿ ಬೆಳೆಯುತ್ತದೆ. ಐಂದ್ರಜಾಲಿಕನ ಬೆಂಕಿಗೆ ನಿಜವಾದ ಹೊಗೆ ಬೇಕಾಗುತ್ತದೆ. ಇದರಿಂದ ಕವಿವಾಕ್ಯಕ್ಕೆ ಲಾಭವಾಯಿತೆಂದು ಹೇಳಲಾಗದು. ಪರದೆಯೇ ತೋಟವನ್ನು ತೋರಿಸಿದ ಮೇಲೆ ತೋಟವನ್ನು ವರ್ಣಿಸುವ ಪದ್ಯವು ಅನುವಾದಕನಿಗೂ ನಟನಿಗೂ ಬರಿಯ ಅಲಂಕಾರವಾಗಿ ಪರಿಣಮಿಸಿ, ಕೊನೆಗೆ ಹಾಡಿನ ನೆಪವಾಗಿ ಉಳಿಯಿತು. ಕಂಪನಿ ನಾಟಕದಲ್ಲಿ ಸಂಗೀತವು ಮಾತನ್ನು ನುಂಗಿತೆಂದು ದೂರುವವರು ನಟರನ್ನು ಬೈಯುವುದಕ್ಕೆ ಮುಂಚೆ ಈ ಮನೆಯ ಆಕಾರವನ್ನು ಸ್ವಲ್ಪ ಪರೀಕ್ಷಿಸಬೇಕು.

ಹಳ್ಳಿಗಾಡಿಗೆ ಈ ಚೌಕಟ್ಟು ಕಲ್ಲಿನ ಗೋಡೆಯಾಗಿ ಬರಲಿಲ್ಲ, ಬಂಡಿಯ ಮೇಲೆ ಬಂದಿತು. ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲುದಾರಿ 1926ರಲ್ಲಿ ಮುಟ್ಟಿತು. ಗುಂಡ್ಲುಪೇಟೆಗೆ ರೈಲು ಬರಲೇ ಇಲ್ಲ. ತಗಡಿನ ಹೊದಿಕೆ, ಬಿದಿರಿನ ಕಂಬ, ಸುರುಳಿ ಸುತ್ತಿದ ಪರದೆ, ಇವೇ ಸಂಚಾರೀ ಮಂಡಳಿಗಳ ರಂಗಗೃಹ. ಆ ತಗಡಿನ ಮನೆಗಳಲ್ಲಿ ಈ ಸೀಮೆಯ ಕಂಠಗಳೂ ಮೊಳಗಿದುವು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಮಂಡಳಿಯಲ್ಲಿ ಹೆಸರುಪಡೆದ ನಟರು. 1929ರಲ್ಲಿ ಗಾಜನೂರಿನಲ್ಲಿ ಜನಿಸಿದ ಅವರ ಪುತ್ರ ಮುತ್ತುರಾಜನು ಅದೇ ಮಂಡಳಿಯಲ್ಲಿ ಬೆಳೆದು, ರಾಜಕುಮಾರನೆಂಬ ಹೆಸರಿನಿಂದ 1954ರ ಬೇಡರ ಕಣ್ಣಪ್ಪ ಚಲಚ್ಚಿತ್ರದ ಮೂಲಕ ನಾಡಿಗೆಲ್ಲ ಪರಿಚಿತನಾದನು. ಅವನ ಮಾತಿನ ಸ್ಪಷ್ಟೋಚ್ಚಾರಣೆಯನ್ನು ಹೊಗಳದವರಿಲ್ಲ. ಅದು ಧ್ವನಿವರ್ಧಕವಿಲ್ಲದ ರಂಗದ ಶಿಕ್ಷಣ.

ಈಗ ಜೀರ್ಣೋದ್ಧಾರದ ಪ್ರಶ್ನೆ. ಇಂಗ್ಲಿಷರ ಕಾಲದ ರಂಗಭವನವೊಂದನ್ನು ಸಂಪೂರ್ಣವಾಗಿ ಉದ್ಧರಿಸಿದ ನಿದರ್ಶನಕ್ಕಾಗಿ ಹಿಮಾಲಯದ ಶಿಮ್ಲಾ ನಗರವನ್ನು ನೋಡಬಹುದು. ಅಷ್ಟು ದೂರ ಹೋಗುವುದಕ್ಕೆ ಮೈಸೂರಿನ ಸಂಬಂಧವೇ ಕಾರಣ. 1897ರ ಬೆಂಕಿಯಲ್ಲಿ ಹಳೆಯ ಅರಮನೆ ಉರಿದ ಮೇಲೆ ಮೈಸೂರಿನ ಈಗಿನ ಅರಮನೆಯನ್ನು ರೂಪಿಸಿ 1912ರಲ್ಲಿ ಪೂರೈಸಿದ ಹೆನ್ರಿ ಇರ್ವಿನನೇ ಶಿಮ್ಲಾದ ಗೇಟಿ ರಂಗಮಂದಿರದ ಶಿಲ್ಪಿ. ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷದಲ್ಲಿ, 1887ರ ಮೇ 30ರಂದು, ಅದು ತೆರೆಯಿತು. ಪುರಭವನದ ಸಮುಚ್ಚಯದೊಳಗೆ ಸೇರಿಸಿ ಕಟ್ಟಿದ ಆ ಕಟ್ಟಡದ ಭಾರವನ್ನು ಗುಡ್ಡದ ಇಳಿಜಾರು ತಾಳಲಾರದೆ, 1911ರ ಸುಮಾರಿಗೆ ಮೇಲಿನ ಅಂತಸ್ತುಗಳನ್ನೇ ಕಳಚಬೇಕಾಯಿತು. ಕಾಲಾನಂತರದಲ್ಲಿ ಉಳಿದ ಭಾಗವೂ ಶಿಥಿಲವಾಗಿ, ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ವರ್ಷಗಳ ಕಾಲ ಕೆಲಸ ನಡೆದು, 2009ರಲ್ಲಿ ಅದು ಪುನಃ ತೆರೆಯಿತು. ಅಲ್ಲಿ ಗಮನಿಸತಕ್ಕದ್ದು ಕಲ್ಲುಗಾರೆಗಳ ಚೆಲುವು ಮಾತ್ರವಲ್ಲ. ಕುದುರೆಲಾಳದ ಆಕಾರದ ಆ ಚಿಕ್ಕ ಪ್ರೇಕ್ಷಾಗೃಹವನ್ನು ಹಿಗ್ಗಿಸಿ ಹೆಚ್ಚು ಆಸನಗಳನ್ನು ತುಂಬುವ ಆಶೆಗೆ ಬೀಳದೆ, ಇದ್ದ ಅಳತೆಯಲ್ಲೇ ಉಳಿಸಿದರು. ನಾಟಕಗಳು ಅಲ್ಲಿ ಮತ್ತೆ ನಡೆಯುತ್ತಿವೆ.

ಮೈಸೂರಿನಲ್ಲಿ ಅದೃಷ್ಟವು ಅಷ್ಟು ಅನುಕೂಲವಾಗಿಲ್ಲ. ಪುರಭವನಕ್ಕಿಂತ ಎಂಟು ವರ್ಷ ಚಿಕ್ಕದಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟ್ ತಿಂಗಳಿನಲ್ಲಿ ಕುಸಿದು ನಾಲ್ವರು ಪ್ರಾಣ ಬಿಟ್ಟರು. 2016ರ ಆಗಸ್ಟ್ ತಿಂಗಳಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆಂಬವರಿಗೂ ಇದ್ದುದನ್ನೇ ಉಳಿಸಬೇಕೆಂಬವರಿಗೂ ವಾದ ಹತ್ತಿ ನ್ಯಾಯಾಲಯದವರೆಗೆ ಹೋಯಿತು. ಆ ಕಾಲದ ಗೋಡೆಗಳು ಇಟ್ಟಿಗೆ ಸುಣ್ಣಗಾರೆಗಳವು. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿ ಬೇಸಗೆಯಲ್ಲಿ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ತೇವವು ಒಳಗೇ ಸಿಕ್ಕಿಕೊಂಡು ಇಟ್ಟಿಗೆಯನ್ನು ತಿನ್ನುತ್ತದೆ. ಹೊರಗೆ ನಯವಾಗಿ ಕಾಣುವ ದುರಸ್ತಿಯೇ ಒಳಗಿನ ರೋಗವಾಗುವುದು ಹೀಗೆ.

ಶಿಲ್ಪಶಾಸ್ತ್ರಜ್ಞರು ಈ ಅಪಾಯವನ್ನು ಅರಿಯದವರಲ್ಲ. ಮಯಮತದಲ್ಲಿ ಅನುಕರ್ಮವಿಧಾನವೆಂಬ ಒಂದು ಅಧ್ಯಾಯವೇ ಇದಕ್ಕೆ ಮೀಸಲಾಗಿದೆ. ಅದರ ತಾತ್ಪರ್ಯ ಇಷ್ಟು: ಯಾವ ಆಲಯದ ಲಕ್ಷಣಗಳು ಇನ್ನೂ ಗುರುತಿಸುವಂತಿವೆಯೋ ಅದನ್ನು ಅದರದೇ ದ್ರವ್ಯದಿಂದ ಸರಿಪಡಿಸಬೇಕು; ಊನವಾದುದನ್ನು ತುಂಬುವಾಗ ಸಮಗ್ರತೆ ಹಿಂದಿರುಗುವಂತೆ ತುಂಬಬೇಕು. ಇಲ್ಲಿ ಲಕ್ಷಣವೆಂಬ ಶಬ್ದವೇ ಮುಖ್ಯ. ದೇವಾಲಯದ ಲಕ್ಷಣವು ಅಧಿಷ್ಠಾನದಿಂದ ಸ್ತೂಪಿಯವರೆಗೆ ಕಣ್ಣಿಗೆ ಕಾಣುವಂತಹುದು. ರಂಗಗೃಹದ ಲಕ್ಷಣವಾದರೋ ಕಣ್ಣಿಗೆ ಕಾಣದು. ಭರತನು ಅಳತೆಗೆಲ್ಲ ಮೂಲವಾಗಿಟ್ಟ ಧ್ವನಿಯೇ ಅದರ ಲಕ್ಷಣ. ಮುಂಭಾಗದ ಕಂಬಗಳಿಗೆ ಬಣ್ಣ ಬಳಿದು, ಒಳಗೆ ಸೂರಿನ ಕೆಳಗೆ ಇನ್ನೊಂದು ಹುಸಿಸೂರನ್ನು ಕಟ್ಟಿ, ಮರದ ನೆಲವನ್ನು ಕಿತ್ತು ನುಣುಪುಗಲ್ಲನ್ನು ಹಾಸಿ, ತಂಪುಯಂತ್ರದ ಗೊರಗೊರವನ್ನು ತುಂಬಿ, ಆಮೇಲೆ ಮಾತು ಕೇಳಿಸದೆಂದು ಧ್ವನಿವರ್ಧಕಗಳನ್ನು ತೂಗುಹಾಕುವ ಪದ್ಧತಿ ನಾಡಿನ ಎಷ್ಟೋ ಊರುಗಳ ಭವನಗಳಲ್ಲಿ ಕಾಣುತ್ತದೆ. ಇದನ್ನು ಜೀರ್ಣೋದ್ಧಾರವೆನ್ನಲಾಗದು, ದೇಹವನ್ನು ಸಿಂಗರಿಸಿ ಪ್ರಾಣವನ್ನು ಹೊರಗೆ ಕಳುಹಿಸಿದಂತೆ. ನುಣುಪುಗಲ್ಲಿನ ಪ್ರಸ್ತಾಪ ಬಂದುದರಿಂದ ಒಂದು ಮಾತು: ಚಾಮರಾಜನಗರದ ಕರಿಕಲ್ಲು ದೇಶಾಂತರಗಳಲ್ಲಿ ಹೆಸರಾದುದು, ಸಮಾಧಿಗೂ ಸೌಧಕ್ಕೂ ಅದಕ್ಕೆ ಸಮನಾದುದು ಅಪರೂಪ, ಆದರೆ ಪ್ರೇಕ್ಷಾಗೃಹದ ನೆಲಕ್ಕೂ ಗೋಡೆಗೂ ಅದನ್ನು ಹಾಸಿದರೆ ಒಂದು ಅಕ್ಷರವು ನಾಲ್ಕಾಗಿ ಮರಳಿ ಬರುವುದು. ಸ್ವದೇಶದ ಕಲ್ಲೆಂಬ ಅಭಿಮಾನ ಇಲ್ಲಿ ಸಲ್ಲದು.

ಪುರಭವನದ ಆವರಣದಲ್ಲಿಯೂ ನೆಲದಡಿಯಲ್ಲಿ ವಾಹನಗಳ ನಿಲ್ದಾಣವನ್ನು ಮಾಡುವ ಕೆಲಸ ಕೈಗೊಂಡುದುಂಟು. ನಗರಕ್ಕೆ ವಾಹನಗಳ ತಂಗುದಾಣ ಬೇಡವೆಂದು ಯಾರೂ ಹೇಳಲಾರರು. 1884ರ ಅಸ್ತಿಭಾರದ ಮಗ್ಗುಲಲ್ಲಿ ನೆಲವನ್ನು ಅಗೆಯುವಾಗ ಅಸ್ತಿಭಾರದ ಮೇಲಿರುವುದು ಏನೆಂಬುದನ್ನು ಮೊದಲು ನಿರ್ಣಯಿಸಿಕೊಳ್ಳಬೇಕೆಂಬುದಷ್ಟೇ ವಾದ: ಅದು ಊರಿನ ಹಳೆಯ ಚಿತ್ರವೊಂದರ ಹಿನ್ನೆಲೆಯೋ, ನಾಟಕ ನಡೆಯಬೇಕಾದ ಮನೆಯೋ?

ಇದಕ್ಕೆ ಉತ್ತರವನ್ನು ಹುಡುಕುವವರಿಗೆ ಚಾಮರಾಜನಗರದಲ್ಲಿ ನಡೆದ ಒಂದು ವೃತ್ತಾಂತವು ಉಪಯೋಗಕ್ಕೆ ಬಂದೀತು. ಚಾಮರಾಜೇಶ್ವರನ ರಥೋತ್ಸವವು ಆಷಾಢಮಾಸದಲ್ಲಿ ನಡೆಯುತ್ತದೆ. ಇತರ ಊರುಗಳಲ್ಲಿ ಉತ್ಸವಗಳು ನಿಲ್ಲುವ, ನವದಂಪತಿಗಳನ್ನು ಅಗಲಿಸುವ ತಿಂಗಳಲ್ಲಿ, ಇಲ್ಲಿ ಹೊಸದಾಗಿ ಮದುವೆಯಾದವರು ಜೊತೆಜೊತೆಯಾಗಿ ಬಂದು ತೇರಿಗೆ ಹಣ್ಣುಜವನ ಎಸೆಯುವರು. 2017ರ ಫೆಬ್ರವರಿಯಲ್ಲಿ ಆ ಹಳೆಯ ತೇರಿಗೆ ಬೆಂಕಿ ಬಿದ್ದಿತು. ಉತ್ಸವವು ನಿಂತುಹೋಯಿತು. ಸುಟ್ಟ ಮರವನ್ನು ಗಾಜಿನ ಮನೆಯಲ್ಲಿಟ್ಟು ಪ್ರದರ್ಶಿಸಿದ್ದರೆ ಹಳೆಯದನ್ನು ಉಳಿಸಿದ ಕೀರ್ತಿ ಬರುತ್ತಿತ್ತು. ಊರಿನವರಿಗೆ ಬೇಕಾಗಿದ್ದುದು ಅದಲ್ಲ. ವರ್ಷವರ್ಷವೂ ಅವರು ಕೇಳಿದುದು ತೇರು ಯಾವಾಗ ಹೊರಡುವುದೆಂದು. ಹಳೆಯ ಪದ್ಧತಿಯಲ್ಲಿಯೇ ಹೊಸ ರಥವನ್ನು ಮಾಡಿಸಿ, 2022ರ ಆಷಾಢದಲ್ಲಿ ಅದನ್ನು ಎಳೆದರು. ಮರವು ಹೊಸದು, ಉತ್ಸವವು ಹಳೆಯದು. ಇದಕ್ಕೆ ವಿಪರೀತವಾದ ನಿದರ್ಶನವು ಗುಂಡ್ಲುಪೇಟೆಯಲ್ಲಿದೆ. ಚಿಕ್ಕದೇವರಾಜನು ತಂದೆಗಾಗಿ ಕಟ್ಟಿಸಿದ ಪರವಾಸುದೇವಾಲಯದ ಕಲ್ಲುಗಳು ಸುಡಲಿಲ್ಲ, ಆದರೂ ಆಲಯವು ಬಹುಕಾಲ ಪಾಳುಬಿದ್ದಿತು. ಅದರ ಅಗ್ರಹಾರವು ಚದುರಿದ ಮೇಲೆ ಕಲ್ಲನ್ನು ಕೇಳುವವರಾರು?

ರಂಗಭವನವು ತೇರಿಗಿಂತ ಕಷ್ಟವಾದ ವಸ್ತು. ತೇರನ್ನು ಹೊಸದಾಗಿ ಮಾಡಬಹುದು, ಏಕೆಂದರೆ ಅದರ ವಿಧಿಯನ್ನು ಬಲ್ಲ ಬಡಗಿಗಳು ಇದ್ದಾರೆ. 1884ರ ಭವನದ ಧ್ವನಿಯನ್ನು ಹೊಸದಾಗಿ ಮಾಡುವ ವಿಧಿ ಯಾವ ಗ್ರಂಥದಲ್ಲಿಯೂ ಇಲ್ಲ. ಅದು ಆ ಸೂರು, ಆ ಗಾರೆ, ಆ ಅಳತೆಗಳಲ್ಲಿಯೇ ಇದೆ. ಆದುದರಿಂದ ಅಲ್ಲಿ ದ್ರವ್ಯವನ್ನು ಉಳಿಸುವುದು ಬಳಕೆಯನ್ನು ಉಳಿಸುವುದಕ್ಕೆ ಸಾಧನ. ಬಳಕೆಯಿಲ್ಲದಿದ್ದರೆ ದ್ರವ್ಯವು ಪರವಾಸುದೇವಾಲಯದ ದಾರಿ ಹಿಡಿಯುವುದು. ಹಳೆಯದನ್ನು ಕೆಡವಿ ಅದೇ ಮುಖದ ಹೊಸ ಕಟ್ಟಡವನ್ನು ನಿಲ್ಲಿಸಿದರೆ ಸಾಕೆನ್ನುವವರು ಮೊದಲನೆಯದನ್ನೂ, ಮುಖವನ್ನು ಕಾಪಾಡಿ ಬಾಗಿಲನ್ನು ಮುಚ್ಚಿದರೆ ಸಾಕೆನ್ನುವವರು ಎರಡನೆಯದನ್ನೂ ಮರೆತಿದ್ದಾರೆ.

ಇಂತಹ ಭವನದ ಕೆಲಸಕ್ಕೆ ಕೈಹಾಕುವವರು ಸಾರುವೆ ಕಟ್ಟುವುದಕ್ಕೆ ಮುಂಚೆ ಮಾಡಬಹುದಾದ ಒಂದು ಪರೀಕ್ಷೆಯುಂಟು, ಅದಕ್ಕೆ ವೆಚ್ಚವೇನೂ ಇಲ್ಲ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಕಂದವೃತ್ತಗಳನ್ನು ಓದಬಲ್ಲ ಒಬ್ಬರನ್ನು ರಂಗದ ನಡುವೆ ನಿಲ್ಲಿಸಬೇಕು. ಬಸವಪ್ಪಶಾಸ್ತ್ರಿಗಳ ರತ್ನಾವಳಿಯಿಂದಲೋ ಸಿಂಗರಾರ್ಯನ ಮಿತ್ರವಿಂದಾ ಗೋವಿಂದದಿಂದಲೋ ನಾಲ್ಕು ಪದ್ಯಗಳನ್ನು ಸಹಜಕಂಠದಲ್ಲಿ ಓದಿಸಬೇಕು. ನೆಲದ ಕೊನೆಯ ಸಾಲಿನಲ್ಲಿ ಒಬ್ಬರು, ಮಾಳಿಗೆಯ ಎರಡು ತುದಿಗಳಲ್ಲಿ ಇಬ್ಬರು, ಹೀಗೆ ಮೂವರು ಪುಸ್ತಕವಿಲ್ಲದೆ ಕುಳಿತು, ಕೇಳಿಸಿದುದನ್ನು ಅಕ್ಷರಶಃ ಬರೆದುಕೊಳ್ಳಬೇಕು. ಆ ಮೂರು ಹಾಳೆಗಳನ್ನು ಭವನದ ನಕ್ಷೆಯೊಡನೆ ಇರಿಸಿ, ಕೆಲಸ ಮುಗಿದ ದಿನ, ಬಣ್ಣ ಆರಿದ ಮೇಲೆ, ಅದೇ ಪದ್ಯಗಳನ್ನು ಅದೇ ಕಂಠದಿಂದ ಓದಿಸಿ, ಹೊಸ ಹಾಳೆಗಳನ್ನು ಹಳೆಯವುಗಳ ಪಕ್ಕದಲ್ಲಿಟ್ಟು ನೋಡತಕ್ಕದ್ದು.